ಮುಕ್ಕಾಲು ಕಿಲೋ ಬೂತಾಯಿ ತೂಗಿಸಿ ತೋರಿಸಿ

ಆರನೇ ಕ್ಲಾಸಿನ ಮಗಳು 3/4 ಅನ್ನು 3.4 ಅಂತ ಬರೆಯುತ್ತಾಳೆ, ಎಷ್ಟು ಹೇಳಿದರೂ ತಲೆಗೆ ಹೋಗುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ದಯವಿಟ್ಟು ಬೈಯಬೇಡಿ. ನಡುವಿನ ಗೆರೆ ಅಂದರೆ ಭಾಗಾಕಾರ ಅನ್ನುವುದು ಅವಳಿಗೆ ಇನ್ನೂ ಹೊಳೆದಿಲ್ಲ, ಅಷ್ಟೇ.

ನೀವು ಮಲ್ಪೆ ಕಡೆಯವರಲ್ವಾ, ಮೀನು ತರಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ಮುಕ್ಕಾಲು ಕಿಲೋ ಬೂತಾಯಿ ಹಾಕಿಸಿ, ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 0.750ರ ಆಸುಪಾಸು ಬರುವುದನ್ನು ಅವಳೇ ಓದಲಿ. ಒಂದು ಕಿಲೋ ಕೂಡ ಇಲ್ಲದ್ದು 3.4 ಹೇಗಾಗುತ್ತದೆ ಅಂತ ಅಲ್ಲೇ ಕೇಳಿ.

ಆಮೇಲೆ ಮನೆಯಲ್ಲಿ ಲೆಕ್ಕ ಮಾಡಿಸಿ. 3ರಲ್ಲಿ 4 ಹೋಗುವುದಿಲ್ಲ, ಸೊನ್ನೆ ಬರೆದು ಚುಕ್ಕಿ ಇಡಲಿ. ಇಲ್ಲಿ ಸುಮ್ನೆ 'ಸೊನ್ನೆ ಸೇರಿಸು' ಅಂದರೆ ಮಕ್ಕಳು ಕಾರಣ ಗೊತ್ತಿಲ್ಲದೆ ಸೇರಿಸುತ್ತಾ ಹೋಗುತ್ತಾರೆ, ಅದಕ್ಕೇ 3 ಅಂದರೆ 30 ಹತ್ತನೇ ಭಾಗಗಳು ಅಂತ ಬಿಡಿಸಿ ಹೇಳಿ. ನಾಲ್ಕೇಳ್ಲ 28, ಉಳಿದದ್ದು 2. ಆ 2 ಅಂದರೆ 20 ನೂರನೇ ಭಾಗಗಳು, ನಾಲ್ಕೈದ್ಲ 20, ಏನೂ ಉಳಿಯಲಿಲ್ಲ. ಉತ್ತರ 0.75. ಇದೊಂದು ಗಟ್ಟಿಯಾದರೆ 2/5, 1/8 ಎಲ್ಲ ತಾನಾಗಿ ಬರುತ್ತವೆ.

1/3 ಯಾಕೆ ಮುಗಿಯುವುದೇ ಇಲ್ಲ ಅಂತಲೂ ಕೇಳಿದ್ದೀರಿ. ಪ್ರತಿ ಸಲ 1 ಉಳಿಯುತ್ತದೆ, ಮತ್ತೆ 10 ಆಗುತ್ತದೆ, ಮತ್ತೆ 3 ಬರುತ್ತದೆ. ಭಿನ್ನರಾಶಿಯನ್ನು ಆದಷ್ಟು ಚಿಕ್ಕದು ಮಾಡಿದ ಮೇಲೆ ಛೇದವನ್ನು, ಅಂದರೆ ಗೆರೆಯ ಕೆಳಗಿನ ಸಂಖ್ಯೆಯನ್ನು, 2 ಮತ್ತು 5 ಬಿಟ್ಟು 3, 7ರಂಥ ಬೇರೆ ಅವಿಭಾಜ್ಯ ಸಂಖ್ಯೆ ಶೇಷ ಉಳಿಯದೆ ಭಾಗಿಸಿದರೆ ದಶಮಾಂಶ ನಿಲ್ಲುವುದಿಲ್ಲ. ಅವಳಿಗೆ ಆಸಕ್ತಿ ಬಂದರೆ 1/7 ಕೊಡಿ, 142857 ಮತ್ತೆ ಮತ್ತೆ ಬರುವುದನ್ನು ಅವಳೇ ಕಂಡುಹಿಡಿಯಲಿ, ನೀವು ಮೊದಲೇ ಹೇಳಬೇಡಿ.