ಖುಷಿಪಡೋಕೂ ಅರ್ಹತಾ ಪರೀಕ್ಷೆಯೇ?

ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಓದುಗರೊಬ್ಬರ ಪತ್ರ: ‘ನನಗೆ ಮುಂಗೋಪ. ಬೆಳಿಗ್ಗೆ ತಡವಾಯಿತೆಂದು ಮಗಳ ಮೇಲೆ ಕೂಗಾಡಿದೆ. ಅಳುತ್ತಲೇ ಸ್ಕೂಲಿಗೆ ಹೋದಳು. ಮಧ್ಯಾಹ್ನ ಒಣಗಿದ ಬಟ್ಟೆ ಮಡಚುವಾಗ ಆ ಬಿಸಿಲಿನ ವಾಸನೆಗೆ ಮನಸ್ಸು ಹಗುರಾಗಿ ಹಾಡು ಗುನುಗಿದೆ. ಆಮೇಲೆ ನಾಚಿಕೆಯಾಯಿತು. ತಪ್ಪು ತಿದ್ದಿಕೊಳ್ಳದವಳಿಗೆ ಇಂಥ ಸಣ್ಣ ಖುಷಿ ಸಲ್ಲುತ್ತದೆಯೇ?’

ಧಾರಾಳವಾಗಿ ಸಲ್ಲುತ್ತದೆ!

ಕೂಗಾಡಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ತಪ್ಪಾಯ್ತು ಕಂದ’ ಅನ್ನಿ. ‘ಆದ್ರೆ ನೀನೂ ಸ್ವಲ್ಪ...’ ಎಂದು ಬಾಲ ಸೇರಿಸಬೇಡಿ. ಇದರ ಬಗ್ಗೆ ಇಷ್ಟು ಸಾಕು, ಉಳಿದ ಬೈಗುಳವನ್ನೆಲ್ಲ ನಿಮಗೆ ನೀವೇ ಬೈದುಕೊಂಡಾಗಿದೆ.

ನನ್ನ ತಕರಾರು ಆ ನಾಚಿಕೆಯ ಬಗ್ಗೆ. ಮಧ್ಯಾಹ್ನ ಹಾಡು ಗುನುಗದೆ ಮುಖ ಗಂಟು ಹಾಕಿಕೊಂಡು ಕೂತಿದ್ದರೆ ಮಗಳಿಗೆ ಏನು ಸಿಗುತ್ತಿತ್ತು? ಸಂಜೆಗೆ ಇನ್ನೊಂದು ಸುತ್ತು ಬೈಗುಳ, ಅಷ್ಟೇ ಅಲ್ವಾ?

ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದವರು 119 ವಿದ್ಯಾರ್ಥಿಗಳನ್ನು ಗಮನಿಸಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಪರೀಕ್ಷೆಗೆ ಓದದೆ ದಿನ ತಳ್ಳಿದವರಲ್ಲಿ, ಅದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಸೋಮಾರಿತನ ಮಾಡಿದರಂತೆ. ನಾವು ತಿಳಿದಿದ್ದು ಉಲ್ಟಾ. ತನ್ನ ಮೇಲೆ ತಾನು ಚಾಟಿ ಬೀಸಿಕೊಂಡರೇ ಬುದ್ಧಿ ಬರುವುದು ಅಂತ!

ಅಮೆರಿಕ ದೇಶ ಕಟ್ಟಿದವರಲ್ಲೊಬ್ಬನಾದ ಬೆಂಜಮಿನ್ ಫ್ರಾಂಕ್ಲಿನ್ ಚಿಕ್ಕ ವಯಸ್ಸಿನಲ್ಲಿ 13 ಸದ್ಗುಣಗಳ ಪಟ್ಟಿ ಮಾಡಿ, ತಪ್ಪಿದಾಗೆಲ್ಲ ಪುಸ್ತಕದಲ್ಲಿ ಕಪ್ಪು ಚುಕ್ಕೆ ಹಾಕುತ್ತಿದ್ದ. ಆ ಮನುಷ್ಯನಿಗೆ ಜಾಸ್ತಿ ಕಾಟ ಕೊಟ್ಟಿದ್ದು ಯಾವುದು ಗೊತ್ತೇ? ಅಚ್ಚುಕಟ್ಟುತನ. ಕಾಗದಪತ್ರ, ವಸ್ತುಗಳನ್ನು ಅವುಗಳ ಜಾಗದಲ್ಲಿ ಇಡುವುದು ಮುದುಕನಾದರೂ ಬರಲಿಲ್ಲ. ಅದನ್ನು ತಾನೇ ನಗುನಗುತ್ತಾ ಬರೆದುಕೊಂಡ. ಅಷ್ಟೂ ಗುಣ ಕೈಗೆ ಬರಲಿ, ಆಮೇಲೆ ಸಂತೋಷಪಡುತ್ತೇನೆ ಎಂದು ಕಾದಿದ್ದರೆ ಪಾಪ, ಕಾಯುತ್ತಲೇ ಹೋಗಿಬಿಡುತ್ತಿದ್ದ.

ಇನ್ನು ‘ಸಣ್ಣ ಖುಷಿ’ ಎಂದು ಬರೆದಿದ್ದೀರಿ, ಸಂಕೋಚದಿಂದ. ಸಣ್ಣದು ಯಾಕೆ? 1978ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವೊಂದರಲ್ಲಿ ಅಮೆರಿಕದ 22 ಮಂದಿ ಲಾಟರಿ ಗೆದ್ದವರನ್ನು ಮಾತಾಡಿಸಿದ್ದರು. ಗೆಳೆಯರ ಜೊತೆ ಹರಟೆ, ಬೆಳಗಿನ ತಿಂಡಿ, ಒಂದು ಜೋಕು, ಇಂಥವು ಎಷ್ಟು ಖುಷಿ ಕೊಡುತ್ತವೆ ಎಂದು ಕೇಳಿದರೆ, ಲಾಟರಿ ಹೊಡೆಯದ ಮಾಮೂಲಿ ಜನರಿಗಿಂತ ಅವರು ಕಡಿಮೆ ಅಂಕ ಕೊಟ್ಟರು. 22 ಅಂದರೆ ಚಿಕ್ಕ ಗುಂಪು, ಒಪ್ಪಿದೆ. ಆದರೆ ಆ ಪಟ್ಟಿಯಲ್ಲಿ ‘ಪತ್ರಿಕೆ ಓದುವುದು’ ಕೂಡ ಇತ್ತು. ಹಾಗಾಗಿ ಪತ್ರಿಕೆಯ ಈ ಕುರ್ಚಿಯಲ್ಲಿ ಕೂತವನು ಅದನ್ನು ಸುಮ್ನೆ ಬಿಡುವುದುಂಟೇ?

ನಿಮ್ಮೊಬ್ಬರದೇ ತಪ್ಪಲ್ಲ ಬಿಡಿ. ಈಗ ಎಲ್ಲವನ್ನೂ ಅಂಕಕ್ಕೆ ಇಳಿಸಿದ್ದಾರೆ. ನಡೆದ ಹೆಜ್ಜೆಗೆ ಅಂಕ, ಮಲಗಿದ ನಿದ್ದೆಗೆ ಅಂಕ. ದಿನಾ ಮಲಗುವ ಮುಂಚೆ ಖುಷಿಯ ವಿಷಯ ಬರೆದಿಡಿ ಎಂದು ಫೋನು ಗಂಟೆ ಬಾರಿಸುತ್ತದೆ, ಬರೆಯದಿದ್ದರೆ ಅದಕ್ಕೂ ಒಂದು ಅಪರಾಧಿ ಭಾವ. ನಮ್ಮ ಕಚೇರಿಗೂ ‘ಸಂತೋಷಕ್ಕೆ ಹತ್ತು ಸೂತ್ರ’ ಎಂಬ ಲೇಖನಗಳು ಬಂದು ಬೀಳುತ್ತಲೇ ಇರುತ್ತವೆ. ಮೊದಲ ಸೂತ್ರ ಬೆಳಗಿನ ಜಾವ ಏಳುವುದು. ಅದನ್ನು ಓದಿದಾಗಲೇ ನನ್ನ ಅರ್ಧ ಸಂತೋಷ ಹೋಗಿರುತ್ತದೆ. ಬಟ್ಟೆ ಮೂಸಿ ನೋಡಿ ಹಾಡು ಗುನುಗಿ ಎಂದು ಇವತ್ತಿನವರೆಗೆ ಒಬ್ಬ ಲೇಖಕನೂ ಬರೆದಿಲ್ಲ.

ಅಂದ ಹಾಗೆ, ಅಕ್ಷರ ಸೊಟ್ಟಗಿದೆ, ಕ್ಷಮಿಸಿ ಎಂದು ಪತ್ರದ ಎರಡೂ ಪುಟಗಳ ಕೆಳಗೆ ಬರೆದಿದ್ದೀರಿ. ಡಾಕ್ಟರುಗಳ ಕೈಬರಹದ ಲೇಖನ ಓದಿ ಪಳಗಿದ ಕಣ್ಣು ನನ್ನದು. ಮುಂದಿನ ಪತ್ರದಲ್ಲಿ ಆ ಸಾಲು ಕಂಡರೆ ಉತ್ತರ ಬರೆಯುವುದಿಲ್ಲ.