ಅದಿರಿನ ಬಿರುಕಿನಲ್ಲಿರುವ ಹಸಿರು ಹೆಚ್ಚಾಗಿ ಮ್ಯಾಲಕೈಟ್

ಹಳದಿ ಹೊಳಪಿನ ಅದಿರಿನ ಬಿರುಕುಗಳಲ್ಲಿ ಉಜ್ಜಿದರೂ ಹೋಗದ ಹಸಿರು ಪದರ, ಪಕ್ಕದಲ್ಲಿ ಕಂದು ಕಲೆ ಇದೆ, ಇದು ಪಾಚಿಯೇ ಎಂದು ನೀವು ಕೇಳಿದ್ದೀರಿ. ಆ ಹಸಿರು ಹೆಚ್ಚಾಗಿ ಮ್ಯಾಲಕೈಟ್, ಅಂದರೆ ತಾಮ್ರದ ಹಸಿರು ಕಾರ್ಬೊನೇಟ್ ಖನಿಜ. ಪಾಚಿಯಾಗಿದ್ದರೆ ಉಜ್ಜಿದಾಗ ಹೋಗುತ್ತಿತ್ತು, ಅಲ್ವಾ? ಹಳದಿ ಭಾಗ ಚಾಲ್ಕೊಪೈರೈಟ್ ಇರಬೇಕು, ಅಂದರೆ ತಾಮ್ರ, ಕಬ್ಬಿಣ, ಗಂಧಕ ಸೇರಿದ ಖನಿಜ. ನೆಲದ ಮೇಲ್ಪದರದಲ್ಲಿ ಗಾಳಿ, ನೀರು ತಾಗಿ ಅದು ನಿಧಾನವಾಗಿ ಒಡೆಯುತ್ತದೆ. ತಾಮ್ರ ನೀರಿಗೆ ಇಳಿಯುತ್ತದೆ. ಆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದ್ದರೆ, ಅಥವಾ ದಾರಿಯಲ್ಲಿ ಸುಣ್ಣಕಲ್ಲು ಸಿಕ್ಕರೆ, ತಾಮ್ರ ಹಸಿರು ಕಾರ್ಬೊನೇಟ್ ಆಗಿ ಬಿರುಕಿನಲ್ಲಿ ಕೂರುತ್ತದೆ. ಕಬ್ಬಿಣ ಪಕ್ಕದಲ್ಲೇ ತುಕ್ಕಾಗಿ ಉಳಿಯುತ್ತದೆ. ನೀವು ಹೇಳಿದ ಕಂದು ಕಲೆ ಬಹುಶಃ ಅದೇ.

ಖಚಿತಪಡಿಸಿಕೊಳ್ಳಲು ಮೊದಲು ಹಸಿರು ಭಾಗವನ್ನು ಮೆರುಗಿಲ್ಲದ ಬಿಳಿ ಪಿಂಗಾಣಿಯ ಮೇಲೆ ಉಜ್ಜಿ. ತಿಳಿ ಹಸಿರು ಗೆರೆ ಬರಬೇಕು. ಆಮೇಲೆ ಚಾಕುವಿನಿಂದ ಗೀರಿ. ಮೋಸ್ ಮಾಪಕದಲ್ಲಿ (1 ಅತಿ ಮೆತ್ತಗೆ, 10 ಅತಿ ಗಟ್ಟಿ) ಮ್ಯಾಲಕೈಟ್‌ನ ಗಡಸುತನ 3.5ರಿಂದ 4 ಅಷ್ಟೇ, ಸುಲಭವಾಗಿ ಗೀರು ಬೀಳುತ್ತದೆ. ಕೊನೆಗೆ ಕೈಗವಸು, ಕನ್ನಡಕ ಹಾಕಿಕೊಂಡು ಹಸಿರು ಪುಡಿಯ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಡಿ. ಮ್ಯಾಲಕೈಟ್ ಆದರೆ ಗುಳ್ಳೆ ಏಳುತ್ತದೆ. ಏಮಾರುವುದು ಇಲ್ಲೇ: ಕಲ್ಲಿನಲ್ಲಿ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಮುಖ್ಯ ಖನಿಜ) ಇದ್ದರೆ ಅದೂ ನೊರೆಯುತ್ತದೆ. ಹಾಗಾಗಿ ಹಸಿರು ಪುಡಿಯನ್ನಷ್ಟೇ ಬೇರೆ ಮಾಡಿ ನೋಡಿ. ಗುಳ್ಳೆ ಬರದಿದ್ದರೆ ತಾಮ್ರದ ಬೇರೆ ಹಸಿರು ಖನಿಜಗಳಾದ ಕ್ರೈಸೊಕೊಲ್ಲಾ ಅಥವಾ ಬ್ರೊಚಾಂಟೈಟ್ ಇರಬಹುದು. ಸುಮ್ನೆ ಫೋಟೋ ನೋಡಿ ಇವನ್ನು ಬೇರ್ಪಡಿಸಲು ಆಗುವುದಿಲ್ಲ.

ತೊಳೆಯಲು ನೀರು, ಮೆತ್ತನೆ ಬ್ರಷ್ ಸಾಕು. ವಿನೆಗರ್‌ನಲ್ಲಿ ನೆನೆಸಬೇಡಿ, ಹಸಿರೇ ಕರಗಿ ಹೋಗುತ್ತದೆ. ಕತ್ತರಿಸುವುದಾದರೆ ಒದ್ದೆ ಮಾಡಿಯೇ ಕತ್ತರಿಸಿ, ಆ ಪುಡಿ ಉಸಿರಿಗೆ ಹೋಗಬಾರದು.