ಕಲಂ ಹುಡುಕಬೇಡಿ, ಮೊದಲು ಮೀಟರ್ ಬೇರೆ ಮಾಡಿಸಿ

ಬಾಡಿಗೆಯವರ ಕರೆಂಟು, ನೀರಿನ ಬಿಲ್ ನಾನೇ ಕಟ್ಟುತ್ತೇನೆ, ಅದನ್ನು ಬಾಡಿಗೆ ಆದಾಯದಲ್ಲಿ ಆದಾಯ ತೆರಿಗೆ ಕಾಯ್ದೆಯ ಯಾವ ಕಲಂ ಅಡಿ ಕಳೆಯಲಿ ಎಂದು ಕೇಳಿದ್ದೀರಿ. ನಾನು ಕೇಳದೇ ಕಳೆದು ಪೆಟ್ಟು ತಿಂದವನು.

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. 2021ರಲ್ಲಿ ನೌಕಾನೆಲೆಯ ಕೆಲಸ ಹಿಡಿದಿದ್ದ ಒಂದು ಕಂಪನಿ ತನ್ನ ಎಂಜಿನಿಯರುಗಳಿಗಾಗಿ ನಮ್ಮ ಮಹಡಿಯನ್ನು ಬಾಡಿಗೆಗೆ ತೆಗೆದುಕೊಂಡಿತು. ಕರಾರು ಟೈಪ್ ಮಾಡುತ್ತಿದ್ದ ಹುಡುಗ ಕೇಳಿದ, "ಸರ್, ಕರೆಂಟು ಬೇರೆ ಬರೀಲಾ?" "ಎಲ್ಲಾ ಸೇರಿಸೇ ಹಾಕು ಮಾರಾಯ, ಅವರಿಗೂ ಸಲೀಸು" ಅಂದೆ. ಹಾಗೆ ಬಂದ ಸಾಲು: "ಕರೆಂಟು, ನೀರು ಸೇರಿ ತಿಂಗಳಿಗೆ 24,000 ರೂಪಾಯಿ." ನನಗಾದ ನಷ್ಟವೆಲ್ಲ ಈ ಒಂದು ಸಾಲಿನದು.

ನನ್ನ ಮನಸ್ಸಿನಲ್ಲಿ ಬಾಡಿಗೆ 20,000, ಕರೆಂಟು-ನೀರಿಗೆ 4,000. ರಿಟರ್ನ್‌ನಲ್ಲೂ ವರ್ಷದ ಬಾಡಿಗೆ 2,40,000 ಎಂದೇ ತೋರಿಸಿದೆ. ಕಂಪನಿಗೆ ನನ್ನ ಮನಸ್ಸು ಗೊತ್ತಿಲ್ಲವಲ್ಲ. ಅದು ಕರಾರು ನೋಡಿ ವರ್ಷದ 2,88,000ದ ಮೇಲೆ 10 ಶೇಕಡಾ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯಿತು. ನನ್ನ ಹೆಸರಿನಲ್ಲಿ ಹಿಡಿದ ತೆರಿಗೆಯ ಲೆಕ್ಕವಿರುವ 26ಎಎಸ್‌ ಪಟ್ಟಿಯಲ್ಲಿ ಅಷ್ಟೂ ಬಾಡಿಗೆ ಎಂದು ಕೂತಿತು. ಎರಡು ವರ್ಷ ಹೀಗೇ ನಡೆದ ಮೇಲೆ, ವರ್ಷಕ್ಕೆ 48,000 ರೂಪಾಯಿ ತಾಳೆಯಾಗುತ್ತಿಲ್ಲ ಎಂದು ನೋಟಿಸ್ ಬಂತು.

ಹೆಸ್ಕಾಂ ಕರೆಂಟು ಬಿಲ್ಲುಗಳ ಕಟ್ಟು ಹಿಡಿದು ಆಡಿಟರ್ ಹತ್ತಿರ ಓಡಿದೆ. ಅವರು ಒಂದೊಂದೇ ತಿರುಗಿಸಿ ನೋಡಿ ಕೇಳಿದರು, "ಇದರಲ್ಲಿ ಮೇಲಿನವರದ್ದೆಷ್ಟು, ನಿಮ್ಮದೆಷ್ಟು?" ನನ್ನ ಬಾಯಿ ಕಟ್ಟಿತು. ಮನೆಗೆಲ್ಲ ಇದ್ದದ್ದು ಒಂದೇ ಮೀಟರ್. ನಮ್ಮ ಫ್ರಿಜ್ಜು, ಬಾವಿಯ ಪಂಪು, ಜುಲೈನಲ್ಲಿ ಒಣಗದ ಬಟ್ಟೆಗೆಂದು ರಾತ್ರಿಯಿಡೀ ತಿರುಗುವ ಫ್ಯಾನು, ಮೇಲಿನವರ ಎರಡು ಎಸಿ, ಎಲ್ಲವೂ ಒಂದೇ ಆರ್.ಆರ್. ನಂಬರಿನಲ್ಲಿ. ಕರಾರಿನಲ್ಲಿ ಬಾಡಿಗೆ ಇಷ್ಟು, ಸೌಲಭ್ಯಕ್ಕೆ ಇಷ್ಟು ಎಂದು ಒಡೆದು ಬರೆದಿದ್ದು, ಖರ್ಚಿನ ಬಿಲ್ಲೂ ಬೇರೆಯಾಗಿ ಇದ್ದಿದ್ದರೆ ಸೌಲಭ್ಯದ ಹಣವನ್ನು ಇತರ ಮೂಲಗಳ ಆದಾಯದಲ್ಲಿ ತೋರಿಸಿ, ಖರ್ಚನ್ನು ಅಲ್ಲೇ ಕಳೆಯಬಹುದಿತ್ತು. ನನ್ನ ಕೈಯಲ್ಲಿ ಎರಡೂ ಇರಲಿಲ್ಲ.

ಕೊನೆಗೆ 48,000 ಬಾಡಿಗೆಗೇ ಸೇರಿತು. ಬಾಡಿಗೆಯಲ್ಲಿ ಕಳೆಯಲು ಸಿಗುವ 30 ಶೇಕಡಾ ಅದರಲ್ಲಿ ಹೋಗಿ 33,600 ಆದಾಯ ಹೆಚ್ಚಾಯಿತು. ನಾನಿದ್ದದ್ದು 20 ಶೇಕಡಾ ಸ್ಲ್ಯಾಬ್. ಸೆಸ್ ಸೇರಿ ವರ್ಷಕ್ಕೆ 6,989 ರೂಪಾಯಿ. ಎರಡು ವರ್ಷದ್ದು ಸುಮಾರು 14,000, ಮೇಲೆ ಬಡ್ಡಿ. ಕರೆಂಟು ಬಿಲ್ ಕಟ್ಟಿದವನೂ ನಾನೇ, ಅದರ ಮೇಲೆ ತೆರಿಗೆ ಕಟ್ಟಿದವನೂ ನಾನೇ. ಆ ಸಂಕಟ ಇನ್ನೂ ಆರಿಲ್ಲ.

ಹಾಗಾಗಿ ಯಾವ ಕಲಂ ಎನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮನೆ ಬಾಡಿಗೆಯಲ್ಲಿ ಕಳೆಯಲು ಸಿಗುವುದು ಮೂರೇ: ಆ ವರ್ಷ ನಗರಸಭೆಗೆ ನೀವೇ ಪಾವತಿಸಿದ ಮನೆ ತೆರಿಗೆ, ಉಳಿದದ್ದರ 30 ಶೇಕಡಾ, ಆ ಮನೆಗೆಂದು ಮಾಡಿದ ಸಾಲ ಇದ್ದರೆ ಅದರ ಬಡ್ಡಿ. ಮಳೆಗಾಲದಲ್ಲಿ ಸೋರುವ ತಾರಸಿಗೆ 40,000 ಸುರಿದರೂ ಆ 30 ಶೇಕಡಾ ಹೆಚ್ಚುವುದಿಲ್ಲ, ಒಂದು ರೂಪಾಯಿ ಖರ್ಚು ಮಾಡದಿದ್ದರೂ ಕಡಿಮೆಯಾಗುವುದಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂ ಸಂಖ್ಯೆ ಬದಲಾದರೂ ಈ ಲೆಕ್ಕ ಹಾಗೇ ಇದೆ. ಕರೆಂಟಿಗೆ ಅದರೊಳಗೆ ಜಾಗವೇ ಇಲ್ಲ. ಅವರ ಬಿಲ್ಲನ್ನು ನೀವು ಕಟ್ಟುವುದನ್ನೇ ನಿಲ್ಲಿಸಿ.

ಮನೆ ತೆರಿಗೆ ಮಾತ್ರ ಉಲ್ಟಾ. "ನಗರಸಭೆದು ನೀವೇ ಕಟ್ಟಿಬಿಡಿ" ಎಂದು ಬಾಡಿಗೆಯವರಿಗೆ ಹೇಳುವವರು ನಮ್ಮ ಕೇರಿಯಲ್ಲೇ ಇದ್ದಾರೆ. ಬಾಡಿಗೆಯವರು ಹೊತ್ತ ತೆರಿಗೆಯನ್ನು ನೀವು ಕಳೆಯುವಂತಿಲ್ಲ. ಮಾರ್ಚ್ 31ರೊಳಗೆ ನೀವೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

ಈಗ ನಮ್ಮ ಮಹಡಿಗೆ ಬೇರೆ ಮೀಟರ್ ಇದೆ, ಬಿಲ್ಲನ್ನು ಅವರೇ ಫೋನಿನಲ್ಲಿ ಕಟ್ಟುತ್ತಾರೆ. ನೀರು ಒಂದೇ ಬಾವಿಯದು, ಪಂಪಿನ ಕರೆಂಟು ನಮ್ಮ ಮೀಟರಿನದು. ಅದಕ್ಕೆ ತಿಂಗಳಿಗೆ 300 ರೂಪಾಯಿ ಎಂದು ಕರಾರಿನಲ್ಲಿ ಬೇರೆಯೇ ಸಾಲು ಬರೆಸಿದ್ದೇನೆ. ನಿಮ್ಮ 11 ತಿಂಗಳ ಕರಾರು ಯಾವಾಗ ಮುಗಿಯುತ್ತದೆ ನೋಡಿ. ಅಷ್ಟರೊಳಗೆ ಮೀಟರಿಗೆ ಅರ್ಜಿ ಕೊಡಿ, ಮಳೆ ಹಿಡಿಯುವ ಮೊದಲೇ ವೈರಿಂಗ್ ಮುಗಿಸಿಕೊಳ್ಳಿ.